ಒರಳಿನ ಮೇಲೊಂದು ಆಂಪ್ಲಿಫೈಯರ್

2019ರ ಮಾರ್ಚ್ 16, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಸಿಂಗಪುರದ ತೋವಾ ಪಾಯೋದ ಎಂಟನೆಯ ಮಹಡಿಯ ಮನೆಯೊಂದರಲ್ಲಿ, ಕ್ವೆಕ್ ವೀ ಸಿಯಾಂಗ್ ತಾನೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಆದರೆ ಒಳಗಿನ ತಂತಿಗಳು ಒಂದೊಂದೂ ಒಂದೊಂದು ಉದ್ದವಿದ್ದವು. ಮುಚ್ಚಳ ಹಾಕಿದ ಮೇಲೆ ಯಾರೂ ನೋಡದ ಜಾಗದಲ್ಲೂ ತಂತಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಬೇಕೆಂಬುದು ಅವನ ಹಟ. ಉದ್ದವಾದದ್ದನ್ನು ಕತ್ತರಿಸುವುದು, ಮತ್ತೆ ಬೆಸೆಯುವುದು, ಹೀಗೆ ಏಳು ತಂತಿ ಮುಗಿಸಿ ಎಂಟನೆಯದಕ್ಕೆ ಕೈ ಹಾಕಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು.

ಎದುರುಮನೆಯ ರೋಸ್ನಾ ಮಾಚಿಕ್ ನಿಂತಿದ್ದರು. ಮಹಡಿಯವರಿಗೆಲ್ಲ ಅವರು ಮಾಚಿಕ್, ಅಂದರೆ ಚಿಕ್ಕಮ್ಮ. ಹಸುಗೂಸಿನಂತೆ ಎದೆಗವಚಿಕೊಂಡಿದ್ದದ್ದು ಒಂದು ಕಪ್ಪು ಕಲ್ಲಿನ ಒರಳು.

"ಸಿಯಾಂಗ್, ಮಗಾ, ಇದನ್ನ ಸಂಜೆವರೆಗೆ ಇಟ್ಕೋ. ನಮ್ಮ ಅಡುಗೆಮನೆ ನೆಲ ಅಗೀತಾ ಇದಾರೆ. ಆ ಕೆಲಸದವರ ಕೈಗೆ ಸಿಕ್ಕಿದ್ರೆ ಇದರ ಮೇಲೇ ನಿಂತು ಬಣ್ಣ ಹೊಡೀತಾರೆ. ನಮ್ಮತ್ತೆ ಕಾಲದ್ದು ಕಣೋ ಇದು."

"ಇಡಿ ಮಾಚಿಕ್, ಅಲ್ಲೇ ಇಡಿ."

ಮಾಚಿಕ್ ಇಟ್ಟು ಹೋಗಲಿಲ್ಲ. ಅತ್ತೆ ಹೇಗೆ ತೀರಿಕೊಂಡರು ಎಂಬಲ್ಲಿಂದ ಹಿಡಿದು ಟೈಲ್ಸ್ ಬಣ್ಣದವರೆಗೆ ಇಪ್ಪತ್ತು ನಿಮಿಷ ಹೇಳಿದರು. ಒಳಗಿನಿಂದ ಹೆಂಡತಿ ಪೇ ಶಾನ್ ಕೂಗಿದಳು: "ಸಿಯಾಂಗ್! ಏನೋ ಸುಡ್ತಾ ಇದೆ!"

ಸುಡುತ್ತಿದ್ದದ್ದು ಮೇಜಿನ ಹೊದಿಕೆ. ಬೆಸುಗೆಕಡ್ಡಿ ಅದರ ಮೇಲೆ ಮಲಗಿತ್ತು. ಸಿಯಾಂಗ್ ಓಡಿಬಂದು ಕಡ್ಡಿಯ ಪ್ಲಗ್ ಕಿತ್ತ, ಹೊದಿಕೆಗೆ ನೀರು ಹಾಕಿದ, ಬೈಗುಳ ಕೇಳಿದ, ಗಡಿಯಾರ ನೋಡಿ ಗಾಬರಿಯಾಗಿ ಯಂತ್ರದ ಮುಚ್ಚಳ ಬಿಗಿದ.

"ಮೂರು ವರ್ಷ ಆಯ್ತು," ಪೇ ಶಾನ್ ಒದ್ದೆ ಹೊದಿಕೆ ಹಿಂಡುತ್ತ ಅಂದಳು. "ಒಪ್ಪಂದ ನೆನಪಿದೆ ತಾನೇ? ಈ ಸಲಾನೂ ನಿಂಗೆ ಮೇಜು ಸಿಗ್ಲಿಲ್ಲ ಅಂದ್ರೆ ಈ ಕೋಣೆ ನಂದು. ಹೊಲಿಗೆ ಮಷಿನ್ ಊಟದ ಮೇಜಿನ ಮೇಲಿಟ್ಟು ಸಾಕಾಯ್ತು. ಮೊನ್ನೆ ಸೂಪಲ್ಲಿ ಗುಂಡಿ ಸಿಕ್ತು."

"ಸಿಗತ್ತೆ ಕಣೇ. ಈ ಸಲ ಸಿಕ್ಕೇ ಸಿಗತ್ತೆ."

ಮೇಜು ಎಂದರೆ ಅವರ ಬಡಾವಣೆಯ ಹೆಡ್‌ಫೋನ್ ಸಂಘ ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನದ ಮೇಜು. ಸದಸ್ಯರು ಸ್ವಂತ ಕೈಯಿಂದ ಕಟ್ಟಿದ ಒಂದೇ ಒಂದು ಸಾಧನಕ್ಕೆ ಅಲ್ಲಿ ಜಾಗ. ಮನೆಗೇ ಬಂದು ಕೇಳಿ ಅದನ್ನು ಆರಿಸುವವರು ಇಬ್ಬರು. ಒಬ್ಬರು ಅಧ್ಯಕ್ಷ ಯೌ ಅಂಕಲ್, ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಭಾನುವಾರ ಕಾರ್ಖಾನೆಗಳಿಗೆ ರಜೆಯಾದ್ದರಿಂದ ಅಂದು ಬರುವ ಕರೆಂಟು ಸಿಹಿಯಾಗಿರುತ್ತದೆ ಎಂದು ನಂಬಿದವರು. ಇನ್ನೊಬ್ಬರು ದಂತವೈದ್ಯ ಫೂಂಗ್. ಹೊಸ ಕೇಬಲ್ ಕೊಂಡರೆ ಮುನ್ನೂರು ತಾಸು ಹಾಡು ಹರಿಸಿ ಅದನ್ನು ಮಾವಿನಕಾಯಿಯಂತೆ ಮಾಗಿಸಿದ ಮೇಲೇ ಕಿವಿಗೆ ಹಚ್ಚುವವರು. ಕೇಬಲ್ ನೆಲಕ್ಕೆ ತಾಗಿದರೆ ಸ್ವರಕ್ಕೆ ಶೀತವಾಗುತ್ತದೆಂದು ಅದನ್ನು ಚಹಾದ ಪುಟ್ಟ ಬಟ್ಟಲುಗಳ ಮೇಲೆ ಎತ್ತಿ ಕಟ್ಟಿಡುವವರು.

ಸಿಯಾಂಗ್ ಹಾಗಲ್ಲ. ಅವನು ಅಳತೆಯ ಉಪಕರಣಗಳನ್ನೇ ಅಳೆದು ನೋಡುವ ಪ್ರಯೋಗಾಲಯದ ನೌಕರ. ಮೀಟರು ಹೇಳಿದ್ದು ಸತ್ಯ, ಉಳಿದದ್ದು ಹರಟೆ ಎಂಬುದು ಅವನ ಧರ್ಮ. ಮೂರು ವರ್ಷ ಸತ್ಯ ಹೇಳಿ ಮೂರು ವರ್ಷವೂ ಸೋತಿದ್ದ. ಈ ಸಲ ಬೇರೆ ಉಪಾಯ ಹೂಡಿದ್ದ. ಯಂತ್ರದ ಬೆನ್ನಿಗೆ ಗೇನ್ ಸ್ವಿಚ್ಚು ಇಟ್ಟಿದ್ದ. ಒಳಗೆ ಬಂದ ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಹೇಳುವ ಸ್ವಿಚ್ಚು ಅದು. ಕೆಳಗೆ ಒತ್ತಿದರೆ ಕಮ್ಮಿ, ಮೇಲೆ ಒತ್ತಿದರೆ ಜಾಸ್ತಿ. ಎರಡರ ನಡುವೆ ಮೂರೇ ಡೆಸಿಬೆಲ್. ಸದ್ದು ಅಷ್ಟು ಏರಿದರೆ ಮನುಷ್ಯನ ಕಿವಿ 'ಜೋರಾಯಿತು' ಅನ್ನುವುದಿಲ್ಲ, 'ಚೆನ್ನಾಯಿತು' ಅನ್ನುತ್ತದೆ. ಮೊದಲು ಕಮ್ಮಿಯಲ್ಲಿ ಕೇಳಿಸುವುದು, ಆಮೇಲೆ ಒಳ್ಳೆಯ ಕರೆಂಟು ಹುಡುಕಿ ಪ್ಲಗ್ ಬದಲಿಸಿದಂತೆ ನಾಟಕವಾಡಿ ಸ್ವಿಚ್ಚು ಮೇಲೆ ಒತ್ತುವುದು. ಮೂಢರಿಗೆ ಅವರ ಮದ್ದನ್ನೇ ಕುಡಿಸುವುದು.

ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಯೌ ಅಂಕಲ್ ಚಪ್ಪಲಿ ಬಿಡುತ್ತಲೇ ಗೋಡೆಯ ಪ್ಲಗ್ ಕಡೆ ನೋಡಿ ಮುಖ ಕಿವುಚಿದರು. "ಶನಿವಾರದ ಕರೆಂಟು. ಏನ್ ಮಾಡಕ್ಕಾಗತ್ತೆ. ಹಾಕಪ್ಪಾ, ನೋಡೋಣ."

ಸಿಯಾಂಗ್ ಚೀನೀಯರ ಹೊಕ್ಕಿಯನ್ ಭಾಷೆಯ ಹಳೆಯದೊಂದು ಹಾಡು ಹಾಕಿದ. ಯೌ ಅಂಕಲ್ ಹೆಡ್‌ಫೋನ್ ತೊಟ್ಟು ಕಣ್ಣು ಮುಚ್ಚಿದರು. ಒಂದು ನಿಮಿಷಕ್ಕೆ ತೆಗೆದು ಫೂಂಗ್‌ಗೆ ಕೊಟ್ಟರು. ಫೂಂಗ್ ಅರ್ಧ ನಿಮಿಷಕ್ಕೇ ತೆಗೆದರು.

"ತೆಳು," ಅಂದರು ಅಂಕಲ್.

"ಗಂಜಿಗೆ ನೀರು ಜಾಸ್ತಿ ಆಗಿದೆ," ಅಂದರು ಫೂಂಗ್. "ಹಾಡುವವಳಿಗೆ ಹಲ್ಲೇ ಇಲ್ಲ."

ಸಿಯಾಂಗ್ ಒಳಗೊಳಗೇ ನಕ್ಕು ಪ್ಲಗ್ಗಿನ ಕಡೆ ಹೊರಟ. ಅಷ್ಟರಲ್ಲಿ ಯೌ ಅಂಕಲ್ ಬಗ್ಗಿ ಯಂತ್ರದ ಕೆಳಗೆ ನೋಡಿದರು.

"ಅಯ್ಯೋ, ಪ್ಲಾಸ್ಟಿಕ್ ಮೇಜಿನ ಮೇಲೆ ಇಟ್ಟಿದೀಯಲ್ಲಯ್ಯ! ಲಿಫ್ಟ್ ಓಡಾಡಿದ್ದೆಲ್ಲ ಸ್ವರಕ್ಕೆ ಸೇರ್ಕೊಳತ್ತೆ. ಅಡಿಗೆ ಭಾರವಾದ್ದು ಏನಾದ್ರೂ ಬೇಕು."

"ನಮ್ಮೆಜಮಾನರ ತಲೆ ಇಡ್ಲಾ ಅಂಕಲ್?" ಎಂದು ಕೇಳಿದ ಪೇ ಶಾನ್, ಉತ್ತರಕ್ಕೆ ಕಾಯದೆ ಮಾಚಿಕ್‌ರ ಒರಳು ಎತ್ತಿಕೊಂಡು ಬಂದು ಧೊಪ್ಪೆಂದು ಇಟ್ಟಳು. "ತಗೊಳ್ಳಿ. ಎಪ್ಪತ್ತು ವರ್ಷ ಕುಟ್ಟಿಸಿಕೊಂಡಿದೆ. ಇದಕ್ಕಿಂತ ಗಟ್ಟಿ ನಮ್ಮನೇಲಿ ಇನ್ನೇನೂ ಇಲ್ಲ."

ಅವಳು ಕುಚೋದ್ಯಕ್ಕೆ ತಂದದ್ದು. ಆದರೆ ಯೌ ಅಂಕಲ್ ಒರಳನ್ನು ಮುಟ್ಟಿ, ಬೆರಳಿನಿಂದ ತಟ್ಟಿ, ಮೂಗಿನ ಹತ್ತಿರ ಒಯ್ದು ಮೂಸಿದರು. ಒಣಸೀಗಡಿ, ಮೆಣಸಿನಕಾಯಿಗಳ ಘಾಟಿಗೆ ಅವರ ಕಣ್ಣಲ್ಲಿ ನೀರು ಬಂತು. "ಜೀವ ಇರೋ ಕಲ್ಲು," ಅಂದರು. ಸಿಯಾಂಗ್‌ಗೆ ಪ್ಲಗ್ಗಿಗಿಂತ ಒಳ್ಳೆಯ ನಾಟಕ ಸಿಕ್ಕಿತ್ತು. ಒರಳನ್ನು ಬೋರಲು ಹಾಕಿ, ಯಂತ್ರವನ್ನು ಅದರ ಮೇಲೆ ಕೂರಿಸಿ, ಬೆನ್ನು ಸವರಿದಂತೆ ಮಾಡಿ ಸ್ವಿಚ್ಚನ್ನು ಟಕ್ಕೆಂದು ಮೇಲೆ ಒತ್ತಿದ. ಮೊದಲು ತಾನೇ ಕೇಳಿ ನೋಡಿದ. ಆಹಾ! ಹಾಡುವವಳು ಎದ್ದು ಎರಡು ಹೆಜ್ಜೆ ಮುಂದೆ ಬಂದಿದ್ದಳು. ಮೂರು ಡೆಸಿಬೆಲ್ ಅಂದರೆ ಇದು! ಅವನ ತೋಳಿನ ರೋಮ ನಿಮಿರಿತು.

ಯೌ ಅಂಕಲ್ ಕೇಳಿದರು. ಅವರ ಬಾಯಿ ತೆರೆದೇ ಉಳಿಯಿತು. ಫೂಂಗ್ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಹಲ್ಲು ಬಂತು!" ಅಂದರು ಫೂಂಗ್. "ಮೂವತ್ತೆರಡೂ ಬಂತು!"

"ಕೆಳಸ್ವರದಲ್ಲಿ ಒಂಥರಾ ಖಾರ ಇದೆ, ಗಮನಿಸಿದ್ರಾ?" ಅಂದರು ಯೌ ಅಂಕಲ್.

ಅಷ್ಟರಲ್ಲಿ ಒರಳು ಹೇಗಿದೆಯೋ ನೋಡಿಹೋಗಲು ಮಾಚಿಕ್ ಬಂದರು. ಅತ್ತೆಯ ಒರಳು ತಲೆಕೆಳಗಾಗಿ ಪೆಟ್ಟಿಗೆ ಹೊತ್ತಿರುವುದನ್ನು ಕಂಡು ಎದೆಗೆ ಕೈಯಿಟ್ಟುಕೊಂಡರು. ಅವರನ್ನು ಸಮಾಧಾನ ಮಾಡಲು ಫೂಂಗ್ ಹೆಡ್‌ಫೋನ್ ತೊಡಿಸಿದರು. ಯಂತ್ರವನ್ನು ಮೇಜಿನ ಮೇಲಿಟ್ಟು ಒಮ್ಮೆ, ಒರಳಿನ ಮೇಲಿಟ್ಟು ಒಮ್ಮೆ ಕೇಳಿಸಲಾಯಿತು. ಯಂತ್ರ ಎತ್ತಿಡುವ ನೆಪದಲ್ಲಿ ಸಿಯಾಂಗ್ ಸ್ವಿಚ್ಚನ್ನೂ ಕೆಳಗೆ ಮೇಲೆ ಮಾಡಿದ.

"ಎರಡೂ ಒಂದೇ ಥರ ಇದೆಯಲ್ಲಪ್ಪಾ," ಅಂದರು ಮಾಚಿಕ್.

ಮೂವರು ಗಂಡಸರೂ ನಕ್ಕರು. "ಕಿವಿಗೆ ತರಬೇತಿ ಬೇಕು ಮಾಚಿಕ್," ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಸಿಯಾಂಗ್.

ಯೌ ಅಂಕಲ್ ಚೀಲದಿಂದ ಅರ್ಜಿಯ ಹಾಳೆ ತೆಗೆದು ಮೂರು ಸಾಲು ಬರೆದು ಎದ್ದುನಿಂತರು. "ತೀರ್ಮಾನ ಆಯ್ತು. ಈ ವರ್ಷದ ಮೇಜು..."

ಸಿಯಾಂಗ್ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

"...ರೋಸ್ನಾ ಮಾಚಿಕ್‌ರ ಒರಳಿಗೆ."

"ಏನು?"

"ನಿನ್ನ ಪೆಟ್ಟಿಗೆ ತೆಳು ಅಂತ ಎಲ್ಲರೂ ಕೇಳಿದ್ವಲ್ಲ. ಪವಾಡ ಮಾಡಿದ್ದು ಕಲ್ಲು. ಅದೂ ಕೈಯಿಂದ ಕಡೆದದ್ದೇ, ಮಾಚಿಕ್‌ರನ್ನ ಸದಸ್ಯೆ ಮಾಡ್ಕೊಂಡ್ರಾಯ್ತು. ಅದರ ಮೇಲೆ ಫೂಂಗ್ ಅವರ ಜರ್ಮನ್ ಆಂಪ್ಲಿಫೈಯರ್ ಇಟ್ರೆ ಇನ್ನೂ ಹೇಗಿರಬಹುದು, ಯೋಚನೆ ಮಾಡು!"

ಪೇ ಶಾನ್ ಹೊಲಿಗೆಯ ಟೇಪು ತಂದು ಕೋಣೆಯ ಕಿಟಕಿ ಅಳೆಯತೊಡಗಿದಳು.

ಸಿಯಾಂಗ್‌ಗೆ ತಡೆಯಲಾಗಲಿಲ್ಲ. "ಕಲ್ಲೂ ಇಲ್ಲ, ಮಣ್ಣೂ ಇಲ್ಲ! ಹಿಂದೆ ಗೇನ್ ಸ್ವಿಚ್ ಇದೆ. ನಿಮಗೆ ಗೊತ್ತಾಗದ ಹಾಗೆ ನಾನೇ ಜಾಸ್ತಿ ಮಾಡ್ದೆ. ಮೂರು ಡೆಸಿಬೆಲ್ ಜೋರಾಯ್ತು, ನೀವು ಅದಕ್ಕೆ ಹಲ್ಲು ಅಂದ್ರಿ, ಖಾರ ಅಂದ್ರಿ. ಇರಿ, ಅಳೆದೇ ತೋರಿಸ್ತೀನಿ!"

ಮೀಟರ್ ತಂದು ಜೋಡಿಸಿದ. ಹಾಡಿನ ಬದಲು ಒಂದೇ ಸಮನೆ ಮೊರೆಯುವ ಸ್ವರ ಹಾಕಿದ. ಸ್ವಿಚ್ಚು ಕೆಳಗೆ ಒತ್ತಿದ. ಅಂಕಿ ಓದಿದ. ಮೇಲೆ ಒತ್ತಿದ. ಅಂಕಿ ಅಲುಗಲಿಲ್ಲ. ಮತ್ತೆ ಕೆಳಗೆ, ಮತ್ತೆ ಮೇಲೆ. ಎಮ್ಮೆಯ ಬೆನ್ನಿಗೆ ಹುಲ್ಲುಕಡ್ಡಿಯಲ್ಲಿ ತಿವಿದಂತಾಯಿತು. ಮುಚ್ಚಳ ಬಿಚ್ಚಿದ. ಏಳು ತಂತಿಗಳು ಸಾಲಾಗಿ ನಿಂತಿದ್ದವು. ಎಂಟನೆಯದು, ಗೇನ್ ಸ್ವಿಚ್ಚಿಗೆ ಸೇರಬೇಕಾದದ್ದು, ಕತ್ತರಿಸಿದ ತುದಿ ಮೇಲೆತ್ತಿಕೊಂಡು ಅವನನ್ನೇ ನೋಡುತ್ತಿತ್ತು.

"ಅಂದ್ರೆ ಸ್ವಿಚ್ಚಿನಿಂದ ಏನೂ ಆಗಿಲ್ಲ," ಅಂದರು ಯೌ ಅಂಕಲ್.

"ಇಲ್ಲ. ಅದಕ್ಕೇ ಹೇಳ್ತಿರೋದು, ನಿಮಗೆ ಕೇಳಿಸಿದ್ದೆಲ್ಲ ಭ್ರಮೆ!"

"ನಿಂಗೆ ಕೇಳಿಸ್ಲಿಲ್ವಾ? ನಿಜ ಹೇಳು."

ಸಿಯಾಂಗ್ ರೋಮ ನಿಮಿರಿದ್ದ ತೋಳನ್ನು ಹಿಂದೆ ಸರಿಸಿದ. "...ಕೇಳಿಸ್ತು."

"ಮೂರು ಜನಕ್ಕೂ ಕೇಳಿಸಿದೆ. ಸ್ವಿಚ್ ಅಲ್ಲ ಅಂತ ನಿನ್ನ ಮೀಟರೇ ಹೇಳ್ತಿದೆ. ಹಾಗಾದ್ರೆ ಇನ್ನು ಉಳಿದದ್ದು ಏನಪ್ಪಾ?"

ಎಲ್ಲರೂ ಒರಳಿನ ಕಡೆ ತಿರುಗಿದರು.

"ಒರಳಿದ್ದಾಗಲೂ ಇಲ್ಲದಾಗಲೂ ಅಳೆದು ತೋರಿಸ್ತೀನಿ, ಅಂಕಲ್! ವ್ಯತ್ಯಾಸ ಸೊನ್ನೆನೇ ಬರತ್ತೆ!"

"ಬರತ್ತೆ ಬರತ್ತೆ," ಎಂದು ಫೂಂಗ್ ಅವನ ಬೆನ್ನು ತಟ್ಟಿದರು. "ಅದು ಮೀಟರಿಗೆ ಸಿಗೋ ಅಂಥದ್ದಲ್ಲ. ಬಾಯಿ ತೆಗಿ ಅಂದ್ರೆ ನನ್ನ ರೋಗಿಗಳೂ ಹೀಗೇ ಹಟ ಮಾಡ್ತಾರೆ."

ಮಾಚಿಕ್ ಒಂದು ಷರತ್ತು ಹಾಕಿದರು: ಪ್ರದರ್ಶನಕ್ಕೆ ಒರಳನ್ನು ಹೊತ್ತೊಯ್ದು ವಾಪಸ್ ತರುವವನು ಸಿಯಾಂಗ್, ಕುಟ್ಟುವ ಗುಂಡುಕಲ್ಲಿನ ಸಮೇತ. ಎಲ್ಲರೂ ಒಪ್ಪಿದರು; ಅವನನ್ನು ಯಾರೂ ಕೇಳಲಿಲ್ಲ. ಬಾಗಿಲ ಬಳಿ ಯೌ ಅಂಕಲ್ ಅರ್ಜಿ ಹಿಡಿದು ತಿರುಗಿದರು. "ಇಲ್ಲಿ ಒಂದು ಜಾಗ ಖಾಲಿ ಇದೆ. ಸಾಧನದ ತೂಕ ಬರೀಬೇಕು. ಸರಿಯಾಗಿ ಅಳೆದು ಹೇಳಪ್ಪಾ, ನಮ್ಮಲ್ಲಿ ಅಳತೆ ಗೊತ್ತಿರೋನು ನೀನೊಬ್ಬನೇ."

ಹೆಂಡತಿಯ ಹೊಲಿಗೆ ಮಷಿನ್ ಒಳಗೆ ಬರಲು ದಾರಿ ಬಿಟ್ಟು ನಿಂತ ಸಿಯಾಂಗ್, ಅಡುಗೆಮನೆಯ ತಕ್ಕಡಿ ತಂದು, ಮುಳ್ಳನ್ನು ಸೊನ್ನೆಗೆ ಸರಿಪಡಿಸಿ, ಒರಳನ್ನು ಮೂರು ಸಲ ತೂಗಿದ. ಮೂರು ಸಲವೂ ಒಂದೇ ಬಂತು: ನಾಲ್ಕು ಕಿಲೋ ಇನ್ನೂರ ನಲವತ್ತು ಗ್ರಾಂ.