ಮೊಣಕಾಲೆತ್ತರದ ಸರಸ್ವತಿ

ನಮ್ಮ ಮನೆಯಲ್ಲಿ ವಿದ್ಯೆ ಅಟ್ಟದ ಮೇಲಿತ್ತು. ಇಲಿಗಳಿಗೆ ಹೆದರಿ ಮಕ್ಕಳ ಪುಸ್ತಕಗಳನ್ನೆಲ್ಲ ಒಂದು ತಗಡಿನ ಟ್ರಂಕಿಗೆ ತುಂಬಿ, ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಏರಿಸಿಟ್ಟಿದ್ದೆವು. ನನ್ನ ಮಗಳು ಸಣ್ಣತಾಯಿಗೆ ಆಗಷ್ಟೇ ಕಾಗುಣಿತದ ಕಾಟ ತೀರಿ ಓದುವ ಹುಚ್ಚು ಹಿಡಿದಿತ್ತು. ನಾನು ಸ್ಕೂಲಿನಿಂದ ಬಂದು ರುಮಾಲು ತೆಗೆಯುವ ಮೊದಲೇ "ಅಪ್ಪಾ, ಕಪ್ಪೆ ಕತೆ ಇಳಿಸ್ಕೊಡು" ಎನ್ನುವಳು. ಏಣಿ ಹತ್ತಿ ಇಳಿಸಿಕೊಟ್ಟು ಉಸಿರು ಬಿಡುವಷ್ಟರಲ್ಲಿ ಅವಳ ತಮ್ಮ ಕಾಳಿಂಗ "ನಂಗೆ ಆನೆ ಕತೆ" ಎನ್ನುವನು. ಹುಣಸೂರಿನಲ್ಲಿ ಗೌರವಸ್ಥ ಅಸಿಸ್ಟೆಂಟ್ ಮೇಷ್ಟ್ರಾದ ನಾನು, ತೆಂಗಿನಕಾಯಿ ಕೀಳುವವನಿಗಿಂತ ಹೆಚ್ಚು ಸಲ ಏಣಿ ಹತ್ತುತ್ತಿದ್ದೆ. (ಅವನಿಗೆ ಕಾಯಿಯಾದರೂ ಸಿಗುತ್ತದೆ.)

ಹೀಗಿರುವಾಗ ಸ್ಕೂಲ್ ಇನ್‌ಸ್ಪೆಕ್ಟರ್ ರುದ್ರಸ್ವಾಮಿಯವರು ಸರ್ಕೀಟು ಬಂದರು. ಮೇಷ್ಟ್ರುಗಳನ್ನೆಲ್ಲ ಕೂಡಿಸಿ ಭಾಷಣ ಮಾಡಿದರು. "ಪುಸ್ತಕ ಮಗುವಿನ ಕೈಗೆ ಎಟುಕುವಂತಿರಬೇಕು. ಮನೆಯಲ್ಲಿ ಮಗು ತನಗೆ ಬೇಕಾದಾಗ, ಯಾರನ್ನೂ ಕೇಳದೆ, ಬೇಕಾದ ಪುಸ್ತಕ ತೆಗೆದುಕೊಳ್ಳಬೇಕು!" ಎಂದರು. ನಾವೆಲ್ಲ ತಲೆದೂಗಿದೆವು. ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ವರ್ಷ ನಮ್ಮಲ್ಲಿ ಒಬ್ಬನನ್ನು ಹೆಗ್ಗಡದೇವನಕೋಟೆಗೆ ವರ್ಗ ಮಾಡುತ್ತಾರೆಂದು ಸುದ್ದಿ ಹಬ್ಬಿತ್ತು. ಕೋಟೆಯೆಂದರೆ ಆಗ ಕಾಡು, ಕಾಡೆಂದರೆ ಸೊಳ್ಳೆ, ಸೊಳ್ಳೆಯೆಂದರೆ ಚಳಿಜ್ವರ. ಅಲ್ಲಿಗೆ ಹೋದ ಮೇಷ್ಟ್ರುಗಳು ರಜಕ್ಕೆ ಬಂದರೆ ಅವರ ಮಕ್ಕಳೇ ಗುರುತು ಹಿಡಿಯುತ್ತಿರಲಿಲ್ಲ. ಸಾಹೇಬರ ಕಣ್ಣಿಗೆ ಒಳ್ಳೆಯವನಾಗಿ ಬೀಳೋಣವೆಂದು ಎದ್ದು ನಿಂತು, "ಸ್ವಾಮೀ, ನಮ್ಮ ಮನೆಯಲ್ಲಿ ಈಗಾಗಲೇ ಹಾಗೇ ಇದೆ" ಎಂದುಬಿಟ್ಟೆ.

"ಬಹಳ ಸಂತೋಷ. ದಸರಾ ಕಳೆದ ಮೇಲೆ ಪಿರಿಯಾಪಟ್ಟಣದಿಂದ ಹಿಂತಿರುಗುವಾಗ ನಿಮ್ಮ ಮನೆಗೇ ಬಂದು ನೋಡುತ್ತೇನೆ" ಎಂದರು ಸಾಹೇಬರು.

ಸಂಜೆಯೇ ಎತ್ತಿನಗಾಡಿ ಮಾಡುವ ಬಡಗಿ ಅಬ್ದುಲ್ ಸತ್ತಾರ್ ಸಾಹೇಬರ ಹತ್ತಿರ ಓಡಿದೆ. ಮೊಣಕಾಲೆತ್ತರದ, ಅಡ್ಡಹಲಗೆಗಳ, ಮುಂದೆ ಬಾಗಿಲಿಲ್ಲದ ಒಂದು ಬೀರು ಬೇಕೆಂದೆ. ಅವರು ಅಳತೆ ಕೇಳಿ, ಕಿವಿಯಲ್ಲಿದ್ದ ಸೀಸದ ಕಡ್ಡಿ ತೆಗೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಾಗ್ಲೇ ಬ್ಯಾಡ ಅಂತೀರಲ್ಲ ಮೇಷ್ಟ್ರೇ, ಕೋಳಿ ಎಲ್ಲಾ ಓಡೋಗ್ತವೆ."

"ಕೋಳಿಗಲ್ಲ ಸಾಹೇಬ್ರೇ, ಪುಸ್ತಕಕ್ಕೆ."

"ಪುಸ್ತಕಕ್ಕಾ? ಅಂಗಾದ್ರೆ ಸರಿ ಬುಡಿ, ಅವು ಎಲ್ಲಿಗೂ ಓಡೋಗಲ್ಲ" ಎಂದು ಸಮಾಧಾನಪಟ್ಟುಕೊಂಡರು.

ಬೀರು ಬಂತು. ನಡುಮನೆಯ ಉತ್ತರದ ಗೋಡೆಗೆ ಒರಗಿಸಿ, ಟ್ರಂಕು ಇಳಿಸಿ, ಪುಸ್ತಕಗಳನ್ನು ನಾನೇ ಕೈಯಾರೆ ಜೋಡಿಸಿದೆ. ನನ್ನ ಹೆಂಡತಿ ಗೌರಮ್ಮಣ್ಣಿ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಚೆನ್ನಾಗೇನೋ ಅದೆ. ಅತ್ತೆ ನೋಡವ್ರಾ?" ಎಂದಳು. ಅತ್ತೆ, ಅಂದರೆ ನಮ್ಮವ್ವ, ಅಷ್ಟರಲ್ಲಿ ನೋಡಿಯಾಗಿತ್ತು.

"ಏನ್ಲಾ ಇದು! ವಿದ್ಯೇನ ಕಾಲಡೀಲಿ ಮಡಗ್ತಿದ್ದೀಯಾ? ನೀನು ಮಕ್ಕಳಿಗೆ ಪಾಠ ಹೇಳ್ಕೊಡೋನೇನ್ಲಾ?"

ನಮ್ಮವ್ವನಿಗೆ ಅಕ್ಷರ ಬಾರದು. ಆದರೆ ಅಕ್ಷರದ ಮೇಲೆ ಅವಳಿಗಿರುವ ಭಕ್ತಿ ನಮ್ಮ ಇಲಾಖೆಯಲ್ಲಿ ಯಾರಿಗೂ ಇಲ್ಲ. ಬೆಲ್ಲ ಕಟ್ಟಿಕೊಂಡು ಬಂದ ಕಾಗದದ ಚೂರಿಗೆ ಕಾಲು ಸೋಕಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಇನ್ನು ಮಕ್ಕಳು ಓಡಾಡುವ ಕಡೆ, ಪಾದದ ಮಟ್ಟದಲ್ಲಿ, ಪುಸ್ತಕದ ರಾಶಿ! ಪುಸ್ತಕ ಮತ್ತೆ ಅಟ್ಟ ಸೇರುತ್ತದೆ, ನಾನು ಕೋಟೆ ಸೇರುತ್ತೇನೆ ಎಂದುಕೊಂಡೆ. ಆಗ ನನ್ನ ಮೇಧಾಶಕ್ತಿ ಮಿಂಚಿತು.

"ಅವ್ವಾ, ಇದು ಬೀರು ಅಲ್ಲ ಕಣವ್ವ, ಪೀಠ. ಸರಸ್ವತಿ ಕೂತವಳೆ ಅನ್ಕೋ. ದೇವ್ರು ಕೂತ್ರೆ ಕೆಳಗೇ ತಾನೇ ಕೂರೋದು?"

ಅವ್ವ ಬೀರಿಗೊಮ್ಮೆ ಕೈಮುಗಿದು ಒಳಗೆ ಹೋದಳು. ಹುಟ್ಟಿದಾರಭ್ಯ ಅವಳೊಡನೆ ವಾದದಲ್ಲಿ ಗೆದ್ದದ್ದು ಅದೇ ಮೊದಲೆಂದು ನಾನು ಬೀಗಿದೆ.

ದಸರೆಯ ದಿನಗಳು. ಬೆಳಗ್ಗೆ ಎದ್ದು ನೋಡುತ್ತೇನೆ, ಬೀರಿಗೆ ಅರಿಸಿನ ಬಳಿದಿದೆ, ಕುಂಕುಮ ಇಟ್ಟಿದೆ, ಮುಂದೆ ರಂಗೋಲಿ, ಮೇಲೆ ಮಾವಿನ ಸೊಪ್ಪು, ಪುಸ್ತಕಗಳು ಕಾಣದಷ್ಟು ಸೇವಂತಿಗೆ. ಪೂಜೆ ಹಬ್ಬದ ತನಕ ತಾನೇ ಎಂದುಕೊಂಡೆ. ಹಬ್ಬ ಮುಗಿಯಿತು, ಪೂಜೆ ಮುಗಿಯಲಿಲ್ಲ. ಕೇಳಿದರೆ, "ಕೂರ್ಸಿದ್ ದೇವ್ರನ್ನ ಎಬ್ಬಿಸ್ತಾರೇನ್ಲಾ?" ಎಂದಳು ಅವ್ವ.

ಶಾಸನಗಳು ಒಂದೊಂದಾಗಿ ಹೊರಟವು. ಸ್ನಾನವಾಗದೆ ಪುಸ್ತಕ ಮುಟ್ಟುವಂತಿಲ್ಲ. ಮುದ್ದೆ ತಿಂದ ಕೈಯಲ್ಲಿ ಮುಟ್ಟುವಂತಿಲ್ಲ. ಹೂವು ಕದಲಿಸುವಂತಿಲ್ಲ. ಅದರ ಕಡೆಗೆ ಕಾಲು ಚಾಚುವಂತಿಲ್ಲ. ಈ ಕೊನೆಯ ಶಾಸನದಿಂದ ನನ್ನ ಹಾಸಿಗೆಗೇ ಕುತ್ತು ಬಂತು. ದಕ್ಷಿಣಕ್ಕೆ ತಲೆಯಿಟ್ಟರೆ ಕಾಲು ಸರಸ್ವತಿಗೆ. ಉತ್ತರಕ್ಕೆ ತಲೆಯಿಡುವುದು ಹೆಣಗಳು ಮಾತ್ರ. ಪೂರ್ವಕ್ಕೆ ತಲೆಯಿಟ್ಟು ಅಡ್ಡಡ್ಡ ಮಲಗಿದರೆ ನಮ್ಮ ನಡುಮನೆಯಲ್ಲಿ ಎಲ್ಲರಿಗೂ ಜಾಗ ಸಾಲದು. ಸಾಲದೆ ಉಳಿದವನು ನಾನು, ಜಗಲಿಗೆ ಹೋದೆ.

ಆದರೂ ಒಂದು ಸಂತೋಷವಿತ್ತು. ಸಣ್ಣತಾಯಿ ನನ್ನನ್ನು ಪುಸ್ತಕ ಕೇಳುವುದನ್ನೇ ಬಿಟ್ಟಳು. ಏಣಿ ಹಿತ್ತಲು ಸೇರಿತು. ಮಕ್ಕಳು ಸ್ನಾನ ಮಾಡಿ ತಾವೇ ತೆಗೆದುಕೊಳ್ಳುತ್ತಿವೆ, ಯೋಜನೆ ಫಲಿಸಿತು ಎಂದುಕೊಂಡೆ. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ, "ಅವ್ವಾ, ಇವತ್ತೊಂದಿನ ಹೂವು ತೆಗಿ" ಎಂದು ಬೇಡಿಕೊಂಡೆ.

"ದೊಡ್ಡೋರು ಬರೋ ದಿನ ದೇವ್ರಿಗೆ ಹೂವು ಕಮ್ಮಿ ಮಾಡ್ತಾರಾ?" ಎಂದು ಅವಳು ಇನ್ನೆರಡು ಮಾರು ಏರಿಸಿದಳು.

ರುದ್ರಸ್ವಾಮಿಯವರು ಬಂದರು. ಬೂಟು ಬಿಚ್ಚಿ ಒಳಗೆ ಕಾಲಿಟ್ಟವರೇ ಬೀರು ನೋಡಿ ಅಭ್ಯಾಸಬಲದಿಂದ ಕೈಮುಗಿದರು. "ಯಾವ ದೇವರು ಮೇಷ್ಟ್ರೇ?" ಎಂದರು.

"ಮಕ್ಕಳ ಪುಸ್ತಕಭಂಡಾರ ಸ್ವಾಮೀ."

ಅವರು ಬಗ್ಗಿ ಕೈ ಚಾಚಿದರು. ಒಳಗಿನಿಂದ ಅವ್ವನ ದನಿ ಬಂತು. "ಸ್ವಾಮೇರ, ಕೈಕಾಲು ತೊಳ್ಕಂಡ್ರಾ?"

ಸಾಹೇಬರು ಒಳ್ಳೆಯವರು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಹೂವು ಸರಿಸಿ ಒಂದು ಪುಸ್ತಕ ಎಳೆದರು. ಅದು ಹಳೆಯ ಪಂಚಾಂಗ. ಇನ್ನೊಂದು ಎಳೆದರು, ಅದೂ ಪಂಚಾಂಗ, ಇನ್ನೂ ಹಳೆಯದು. ಮೂರನೆಯದನ್ನು ಎಳೆದು ಓದಿ, ನನ್ನ ಮುಖ ನೋಡಿದರು.

"ನಿಮ್ಮ ಮಕ್ಕಳು ರೈಲ್ವೆ ವೇಳಾಪಟ್ಟಿಯನ್ನೂ ಓದುತ್ತಾರೆಯೇ?"

ಕೋಟೆಗೆ ಹೋಗದೆಯೇ ನನಗೆ ಚಳಿಜ್ವರದ ನಡುಕ ಬಂತು.

ಅಷ್ಟರಲ್ಲಿ ಅಡಿಗೆಮನೆಯಿಂದ ರಾಗಿ ಬೀಸುವ ಸದ್ದು, ಅದರ ಮೇಲೆ ಸಣ್ಣತಾಯಿಯ ದನಿ ಕೇಳಿಸಿತು. ಎಲ್ಲಿಯೂ ತಡವರಿಸದೆ, ಉಸಿರು ಬಿಡಬೇಕಾದಲ್ಲಿ ಬಿಟ್ಟು ಓದುತ್ತಿದ್ದಳು. "ಆಗ ಕಪ್ಪೆಯು ಛತ್ರಿಯನ್ನು ಬಿಚ್ಚಿ, ನಾನು ನೆನೆಯುವುದಿಲ್ಲ ಎಂದಿತು..."

ಸಾಹೇಬರು ಹೋಗಿ ಇಣುಕಿದರು. ಹಿಂದೆ ನಾನು. ಗೌರಮ್ಮಣ್ಣಿ ಬೀಸುಕಲ್ಲು ತಿರುಗಿಸುತ್ತಿದ್ದಾಳೆ. ಹೊಸಿಲ ಪಕ್ಕದಲ್ಲಿ ಹಳೆಯ ಬಿದಿರಿನ ಮಂಕರಿ, ಮಂಕರಿಯ ತುಂಬ ಮಕ್ಕಳ ಪುಸ್ತಕ. ಕಾಳಿಂಗ ಬದನೆಕಾಯಿ ಆರಿಸುವಂತೆ ಕೈಯಾಡಿಸಿ ತನ್ನ ಆನೆಯನ್ನು ಎಳೆದುಕೊಂಡ.

"ನಿಲ್ಲಿಸ್ಬ್ಯಾಡ ಕಣವ್ವ, ಮುಂದಕ್ಕೋದು. ಆಮೇಲೆ ಏನಾಯ್ತು?" ಎಂದ ನನ್ನಾಕೆ, ತಲೆಯೆತ್ತಿ ಸಾಹೇಬರನ್ನು ಕಂಡು ದಡಕ್ಕನೆ ಎದ್ದು ಸೆರಗು ಹೊದ್ದಳು.

"ಏನೇ ಇದು?" ಎಂದೆ.

"ಇನ್ನೇನ್ರೀ ಮಾಡ್ಲಿ? ನೀವು ಕೂರ್ಸಿದ್ ದೇವ್ರು ಮಕ್ಕಳನ್ನ ಹತ್ರಕ್ಕೇ ಸೇರಿಸ್ತಿರ್ಲಿಲ್ಲ. ಮಕ್ಕಳ ಮೊಕ ಬಾಡೋಗಿತ್ತು. ನಂಗೂ ಓದಕ್ಕೆ ಬರಲ್ಲ, ಕೇಳೋ ಆಸೆ. ಅದ್ಕೇ ಇವನ್ನ ಮಂಕರೀಗಾಕಿ, ಹೂವಿನಡೀಗೆ ನಿಮ್ಮ ಹಳೇವನ್ನೆಲ್ಲ ಜೋಡಿಸ್ದೆ."

"ಅವ್ವಾ, ಇದು ಕಾಲಡಿ ಅಲ್ವಾ?" ಎಂದು ಮೂಲೆಯಲ್ಲಿ ಕೂತಿದ್ದ ಅವ್ವನಿಗೆ ಮೇಲ್ಮನವಿ ಸಲ್ಲಿಸಿದೆ.

"ಅದು ಮಂಕರಿ ಕಣ್ಲಾ. ಸರಸ್ವತಿ ಪೀಠದ ಮೇಲವಳೆ. ಎಲ್ಡೆಲ್ಡು ಕಡೆ ಕೂರಕ್ಕೆ ಅವಳಿಗೇನು ಬ್ಯಾರೆ ಕೆಲ್ಸ ಇಲ್ವಾ?" ಎಂದ ಅವ್ವ, ಸ್ವಲ್ಪ ತಗ್ಗಿದ ದನಿಯಲ್ಲಿ, "ಆ ಕಪ್ಪೆ ಕತೆ ನಾನೂ ದಿನಾ ಕೇಳ್ತೀನಿ" ಎಂದಳು.

ಸಿಟ್ಟು ಬರಬೇಕಿತ್ತು. ಆದರೆ ಮಗಳ ಓದು ಕೇಳಿ ನನ್ನ ಹೊಟ್ಟೆ ತಣ್ಣಗಾಗಿತ್ತು. ಸಾಹೇಬರು ಮಣೆ ಎಳೆದುಕೊಂಡು ಕೂತು ಕಪ್ಪೆಯ ಕತೆಯನ್ನು ಕೊನೆಯವರೆಗೂ ಕೇಳಿದರು. ಎದ್ದು ನನ್ನ ಬೆನ್ನು ತಟ್ಟಿದರು.

"ಭೇಷ್ ಮೇಷ್ಟ್ರೇ! ಈ ಮಂಕರಿ ಪದ್ಧತಿ ನಿಮ್ಮ ಮನೆಯಲ್ಲಿ ಹುಟ್ಟಿದ್ದು. ಬಡವರೂ ಮಾಡಬಹುದು. ನಿಮ್ಮಂಥವರು ಹುಣಸೂರಿನಲ್ಲಿ ಕೂತು ಕೊಳೆಯಬಾರದು. ನಿಮ್ಮನ್ನು ಹೆಡ್‌ಮಾಸ್ಟರ್ ಮಾಡಿ ಕಳಿಸುತ್ತೇನೆ."

ನನ್ನ ಎದೆ ಉಬ್ಬಿತು. ಕೃಷ್ಣರಾಜನಗರವೇ? ಮೈಸೂರೇ? "ತಮ್ಮ ಕೃಪೆ ಸ್ವಾಮೀ. ಯಾವೂರಿಗೆ?" ಎಂದೆ.

"ಮನೆಗಳಲ್ಲಿ ಪುಸ್ತಕವೇ ಕಾಣದ ಕಡೆಗೆ. ಹೆಗ್ಗಡದೇವನಕೋಟೆಗೆ!"

ಮಕ್ಕಳ ಓದು ಕೆಡಬಾರದೆಂದು ಸಂಸಾರ ಹುಣಸೂರಿನಲ್ಲೇ ಉಳಿಯಿತು. ಹೊರಡುವಾಗ ಮಂಕರಿ ಕೇಳಿದೆ. "ಅದು ಮಕ್ಕಳಿಗೆ ಬೇಕು, ನಿಮ್ದು ನೀವು ತಗೊಂಡೋಗಿ" ಎಂದಳು ಗೌರಮ್ಮಣ್ಣಿ. "ಕೂರ್ಸಿದೋನು ನೀನು. ಪೂಜೆ ಬಿಟ್ಟೀಯೆ, ಜ್ವಾಕೆ" ಎಂದಳು ಅವ್ವ. ಬೀರು ಬಸ್ಸಿನ ತಲೆಯೇರಿತು. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ನಿಲ್ದಾಣದಲ್ಲಿ ಇಳಿಸಿಕೊಟ್ಟ ಕಂಡಕ್ಟರು ಅದನ್ನು ತಿರುಗಿಸಿ ನೋಡಿ, "ಕೋಳಿ ಎಲ್ಲಿ ಮೇಷ್ಟ್ರೇ?" ಎಂದ.

ಈಗ ಕೋಟೆಯಲ್ಲಿದ್ದೇನೆ. ಬೆಳಗ್ಗೆ ಮಿಂದು, ಬೀರಿಗೆ ಹೂವಿಟ್ಟು, ಆಮೇಲೆ ಸ್ಕೂಲಿಗೆ ಹೋಗುತ್ತೇನೆ. ಅದರ ಮೇಲಿನ ಹಲಗೆಯಲ್ಲಿ ಚಳಿಜ್ವರದ ಮದ್ದು, ಕ್ವಿನೈನ್ ಸೀಸೆ ಇದೆ. ಕಂಬಳಿ ಹೊದ್ದು ನಡುಗುತ್ತ ಮಲಗಿದ್ದರೂ, ಯಾರನ್ನೂ ಕೇಳದೆ, ಬೇಕಾದಾಗ ಕೈಗೆ ಎಟುಕುತ್ತದೆ.