ನನ್ನ ಕಾಲಿನ ರಂಗೋಲಿ

ನನ್ನ ಬಲಗಾಲಿನೊಳಗೆ ಒಂದು ಸ್ಟೀಲ್ ಪಟ್ಟಿ ಮತ್ತು ಆರು ಸ್ಕ್ರೂಗಳಿವೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಹೇಳದಿದ್ದರೆ ನನ್ನ ಹೆಂಡತಿ ಅಂಬುಜಾ ಹೇಳುತ್ತಾಳೆ, ಅದೂ ಅವಳ ಧಾಟಿಯಲ್ಲಿ. ಅವಳ ಪ್ರಕಾರ, ವಿಮಾ ಕಚೇರಿಯಲ್ಲಿ ಕೂತು ಊರಿಗೆಲ್ಲ ಅಪಘಾತದ ಬುದ್ಧಿವಾದ ಹೇಳುವ ಗುಂಡಣ್ಣನೆಂಬ ನಲವತ್ತೊಂಬತ್ತರ ಗಂಡಸು, ಓಡುವ ಬಸ್ಸಿನ ಫುಟ್‌ಬೋರ್ಡಿನಿಂದ ಕಾಲೇಜು ಹುಡುಗರ ಹಾಗೆ ಹಾರಿದ. ನನ್ನ ಪ್ರಕಾರ ಬಸ್ಸು ನಿಂತಿತ್ತು, ಚೆನ್ನೈಯ ಪೆರಂಬೂರಿನ ರಸ್ತೆಯೇ ಓಡುತ್ತಿತ್ತು. ಅದೇನೇ ಇರಲಿ, ಪಾದದ ಗಿಣ್ಣು ಮುರಿದದ್ದಂತೂ ನಿಜ.

ಆಪರೇಷನ್ ಆಯಿತು. ಆರು ವಾರ ಕಟ್ಟು ಹಾಕಿದ್ದೂ ಆಯಿತು. ಕಟ್ಟು ಬಿಚ್ಚಿದ ದಿನ ಒಳಗಿಂದ ಹೊರಬಂದದ್ದು ನನ್ನ ಕಾಲೇ ಅಲ್ಲ, ಒಣಗಿದ ನುಗ್ಗೆಕಾಯಿ. ಬಗ್ಗಿಸಲು ಹೋದರೆ ಮಿಸುಕಲಿಲ್ಲ. ವ್ಯಾಯಾಮ ಮಾಡಿ ಮೂರು ತಿಂಗಳೊಳಗೆ, ಅಂದರೆ ಸಂಕ್ರಾಂತಿಯೊಳಗೆ, ಬಗ್ಗಿಸಿಕೊಂಡರೆ ಸರಿ, ಇಲ್ಲವಾದರೆ ಗಿಣ್ಣು ಹೀಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದರು.

ಗಿಣ್ಣು ಬಗ್ಗದಿದ್ದರೆ ನಷ್ಟವೇನು ಎಂದು ನೀವು ಕೇಳಬಹುದು. (ನಿಮ್ಮ ಮನೆಯಲ್ಲಿ ಕುರ್ಚಿಯಂಥ ಕಕ್ಕಸು ಇದ್ದರೆ ಖಂಡಿತ ಕೇಳುತ್ತೀರಿ.) ನಮ್ಮ ಬಾಡಿಗೆ ಮನೆಯದು ಹಳೆಯ ಕಾಲದ್ದು, ಕುಕ್ಕರಗಾಲಿನಲ್ಲಿ ಕೂರಲು ಬರುವವರಿಗೆ ಮಾತ್ರ ಪ್ರವೇಶ. ನನಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿಗೆ ನಡುವೆ ತೂತು ಕೊರೆಸಲಾಗಿತ್ತು. ದಿನಾ ಬೆಳಿಗ್ಗೆ ಅಂಬುಜಾ ಆ ಸಿಂಹಾಸನವನ್ನು ನಡುಮನೆಯ ಮೂಲಕ ಎತ್ತಿಕೊಂಡು ಹೋಗಬೇಕು, ಹಿಂದೆ ಕೋಲೂರಿಕೊಂಡು ಮಹಾರಾಜರ ಸವಾರಿ. ಅಲ್ಲಿ ಪೇಪರ್ ಓದುತ್ತಿರುವ ಅಂಬುಜಾಳ ಅಮ್ಮ, ನಮ್ಮ ಜೊತೆಗೇ ಇರುವ ನನ್ನ ಅತ್ತೆಯವರು, ಕನ್ನಡಕ ತೆಗೆದು ತಲೆ ತಗ್ಗಿಸುತ್ತಿದ್ದರು. ಇಂಥ ಪಟ್ಟಾಭಿಷೇಕ ನನ್ನ ಶತ್ರುವಿಗೂ ಬೇಡ. ಮತ್ತೆ ಕುಕ್ಕರಗಾಲಿನಲ್ಲಿ ಕೂರುವುದೊಂದೇ ನನ್ನ ಜೀವನದ ಪರಮ ಧ್ಯೇಯವಾಯಿತು.

ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಸೀತಾ ಎಂಬ ತಮಿಳು ಹುಡುಗಿ. ಮಾತು ಬೆಣ್ಣೆ, ಕೈ ಕಬ್ಬಿಣ. ಪಾದವನ್ನು ಹಿಂದಕ್ಕೆ ಒತ್ತಿ, ನಾನು ಕುಲದೇವರನ್ನು ಕರೆಯುತ್ತಿರುವಾಗ “ಇನ್ನುಂ ಕೊಂಜಂ ಸಾರ್” ಎಂದು ನಗುತ್ತಾ ಇನ್ನೂ ಸ್ವಲ್ಪ ಒತ್ತುತ್ತಿದ್ದಳು. ಮನೆಯಲ್ಲಿ ಮಾಡಲು ಅವಳು ಕೊಟ್ಟ ಮೊದಲ ಪಾಠ ಸುಲಭದ್ದು. ಕಾಲಿನ ಹೆಬ್ಬೆರಳನ್ನು ಪೆನ್ನು ಅಂದುಕೊಂಡು, ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಬೇಕು.

ನಾನು ಕನ್ನಡ ಸಂಘದ ಜಂಟಿ ಕಾರ್ಯದರ್ಶಿ. ನನ್ನ ಕಾಲು ಇಂಗ್ಲಿಷ್ ಬರೆಯುವುದೇ? ಅಲ್ಲದೆ ಅವರ ಅಕ್ಷರಗಳಲ್ಲಿ ಅರ್ಧಕ್ಕರ್ಧ ಬರೀ ಕಡ್ಡಿ. ನಮ್ಮದರಲ್ಲಿ ಒಂದೊಂದಕ್ಕೂ ಸುರುಳಿ, ತಲೆಕಟ್ಟು, ಕೊಂಬು. ಗಿಣ್ಣು ತಿರುಗಿಸುವುದಕ್ಕೆಂದೇ ಹಿರಿಯರು ಮಾಡಿಟ್ಟ ಹಾಗಿದೆ. ಮಂಚದ ಮೇಲೆ ಒರಗಿ ಅ ಆ ಇ ಈ ಶುರು ಮಾಡಿದೆ. ‘ಋ’ಕಾರಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ.

ಬಿಡಿಸಿದವರು ಅತ್ತೆ ಜಯಲಕ್ಷ್ಮಮ್ಮನವರು. ಅವರು ಹಳೆಯ ಸಂಪ್ರದಾಯದವರು, ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಇದ್ದರೂ ಮಾತು ಮಗಳ ಮೂಲಕವೇ ಬರಬೇಕು.

“ಅಂಬುಜಾ, ಅಳಿಯಂದಿರು ಕಾಲಲ್ಲಿ ಏನೋ ಗೀಚ್ತಿದಾರಲ್ಲ, ಏನಂತೆ ಅದು?”

“ಅಕ್ಷರ ಬರೀತಿದಾರಮ್ಮ. ವ್ಯಾಯಾಮ ಅಂತೆ.”

“ಪುಸ್ತಕಕ್ಕೆ ಕಾಲು ತಗುಲಿದ್ರೇ ಕಣ್ಣಿಗೊತ್ಕೋತೀವಿ. ಇವರು ಸರಸ್ವತೀನ ಹೆಬ್ಬೆಟ್ಟಲ್ಲಿ ತಿವೀತಿದಾರೆ. ಇದು ನಿಲ್ಲೋವರೆಗೂ ಈ ಮನೇಲಿ ನಾನು ಊಟ ಮಾಡೋದಿಲ್ಲ ಅಂತ ಹೇಳು.”

ಹೇಳುವ ಅಗತ್ಯವಿರಲಿಲ್ಲ, ಬೀದಿಯ ಕೊನೆಯವರೆಗೂ ಕೇಳಿಸಿತ್ತು. ನಾನು ಜಂಟಿ ಕಾರ್ಯದರ್ಶಿತನವನ್ನು ಬದಿಗಿಟ್ಟು ಇಂಗ್ಲಿಷಿಗೆ ಇಳಿದೆ. ಅತ್ತೆಯವರು, ತಮ್ಮ ಮೊಮ್ಮಗಳು, ಅಂದರೆ ನನ್ನ ಮಗಳು ಶ್ರೀಯಾ, ಎಂಟನೇ ಕ್ಲಾಸಿನವರೆಗೆ ಪಾಸಾಗಿದ್ದು ಆ ಅಕ್ಷರದಲ್ಲೇ ತಾನೇ, ಅದರಲ್ಲೂ ಸರಸ್ವತಿ ಇದ್ದಾಳೆ ಎಂದರು. ಶ್ರೀಯಾಳಿಂದ ಕಲಿತು ಬರೆಯೋಣವೆಂದ ತಮಿಳಿಗೂ ಅದೇ ತೀರ್ಪು. ಅಂಕಿ ಬರೆಯಲೇ ಎಂದರೆ ಅದು ಲಕ್ಷ್ಮಿಯಂತೆ. ಹೀಗೆ ಎಲ್ಲ ದೇವತೆಗಳೂ ಸೇರಿ ನನ್ನ ಕಾಲು ಕಟ್ಟಿದರು. ಮೂರು ದಿನ ಸುಮ್ಮನಿದ್ದುದಕ್ಕೆ ಗಿಣ್ಣು ಮತ್ತೆ ಬಿಗಿದುಕೊಂಡಿತು. ಸೀತಾ ಅದನ್ನು ಸಡಿಲಿಸಿದ ರೀತಿಯನ್ನು ನೆನೆಸಿಕೊಳ್ಳಲು ನನಗಿಷ್ಟವಿಲ್ಲ.

ದಾರಿ ಕಂಡವಳು ಅಂಬುಜಾ. (ಇವಳು ದಾರಿ ಕಂಡಾಗಲೆಲ್ಲ ನಡೆಯಬೇಕಾದವನು ನಾನೇ.) ರಂಗೋಲಿ ಬರೆಯಲಿ ಎಂದಳು. ರಂಗೋಲಿ ನೆಲದ ಮೇಲೇ ಬಿದ್ದಿರುವಂಥದ್ದು, ಹಾಲಿನವನಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲರೂ ತುಳಿಯುತ್ತಾರೆ, ಅದಕ್ಕೆ ಕಾಲು ತಗುಲಿದರೆ ದೋಷವೇನು? ಅತ್ತೆಯವರು ಒಂದು ಎಲೆ ಅಡಿಕೆ ಮುಗಿಯುವವರೆಗೆ ಯೋಚಿಸಿ, ಅಡ್ಡಿಯಿಲ್ಲ ಅಂತ ಹೇಳು ಎಂದರು.

ನಮ್ಮ ಬೀದಿಯ ತಮಿಳರ ರಂಗೋಲಿ, ಅವರ ಮಾತಿನಲ್ಲಿ ಕೋಲಂ, ಸುಮ್ಮನೆ ನಾಲ್ಕು ಗೆರೆಯಲ್ಲ. ಸಾಲಾಗಿ ಚುಕ್ಕಿ ಇಟ್ಟು, ಒಂದೇ ಎಳೆಯನ್ನು ಪ್ರತಿ ಚುಕ್ಕಿಯ ಸುತ್ತಲೂ ಬಳಸಿ, ಕೊನೆಗೆ ಹೊರಟಲ್ಲಿಗೇ ತಂದು ಮುಟ್ಟಿಸಬೇಕು. ಅಂಬುಜಾ ಹಾಳೆಯ ಮೇಲೆ ಬರೆದು ಕೊಟ್ಟಳು, ನಾನು ಗಾಳಿಯಲ್ಲಿ ಬರೆದೆ. ಮಗಳು ಶ್ರೀಯಾಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು. “ಅಪ್ಪಾ, ಒರು ಪುಳ್ಳಿ ವಿಟ್ಟುಟ್ಟೀಂಗ” ಎಂದು ಗಾಳಿಯಲ್ಲಿ ನಾನು ಬಿಟ್ಟ ಚುಕ್ಕಿಯನ್ನೂ ಎಣಿಸಿ ಹೇಳುತ್ತಿದ್ದಳು. ಒಂದೂವರೆ ತಿಂಗಳಾಗುವಷ್ಟರಲ್ಲಿ ಗಿಣ್ಣು ಎಣ್ಣೆ ಹಾಕಿದ ಕದದ ಹಾಗೆ ತಿರುಗತೊಡಗಿತು. ಸೀತಾ ಅಳತೆಪಟ್ಟಿ ಇಟ್ಟು ನೋಡಿ, ಏನು ಮಾಡಿದಿರಿ ಎಂದು ವಿಚಾರಿಸಿದಳು. ಬಡಾಯಿ ಕೊಚ್ಚಿಕೊಳ್ಳಬಾರದಿತ್ತು, ಕೊಚ್ಚಿಕೊಂಡೆ. ಹಾಗಾದರೆ ನಾಳೆಯಿಂದ ಗಾಳಿಯಲ್ಲಿ ಬೇಡ, ಕೈಯಲ್ಲಿ ಪುಡಿ ಹಿಡಿದು ನೆಲದ ಮೇಲೆ, ಕುಕ್ಕರಗಾಲಿನಲ್ಲಿ ಕೂತು ಹಾಕಿ ಎಂದಳು. ಅವತ್ತಿಗೆ ಮಾರ್ಗಳಿ ಮಾಸ, ಅಂದರೆ ನಮ್ಮ ಧನುರ್ಮಾಸ, ಶುರುವಾಗಿತ್ತು. ಆ ತಿಂಗಳಲ್ಲಿ ಚೆನ್ನೈಯ ಪ್ರತಿ ಬಾಗಿಲಲ್ಲೂ ದೊಡ್ಡ ರಂಗೋಲಿ ಬೀಳಲೇಬೇಕು.

ನಾಲ್ಕು ಜನ ನೋಡಿದರೆ ಗಂಡಸಿನ ಮಾನ ಉಳಿಯುವುದುಂಟೇ? ಬೆಳಿಗ್ಗೆ ಐದಕ್ಕೆ, ಮಸುಕಿನಲ್ಲಿ, ಅತ್ತೆಯವರ ಕಂದು ಶಾಲನ್ನು ತಲೆಯ ಮೇಲಿಂದ ಹೊದ್ದು ಬಾಗಿಲಿಗೆ ಹೋದೆ. ಮೊದಲ ದಿನ ಹಿಂದಕ್ಕೆ ಉರುಳಿ ನೀರಿನ ಬಕೆಟ್ಟಿನಲ್ಲಿ ಕೂತೆ. ಆಮೇಲೆ ಹಿಮ್ಮಡಿಯ ಕೆಳಗೆ ಎರಡು ಹಲಗೆ ಇಟ್ಟುಕೊಂಡೆ. ವಾರದ ಮೇಲೆ ಒಂದು ಹಲಗೆ ಹೋಯಿತು, ಇನ್ನೊಂದು ವಾರಕ್ಕೆ ಮಡಿಸಿದ ಗೋಣಿಚೀಲಕ್ಕೆ ಇಳಿದೆ. ರಂಗೋಲಿ ಮಾತ್ರ ದಿನದಿನಕ್ಕೆ ಏರಿ ಹದಿನೈದು ಚುಕ್ಕಿಗೆ ಹೋಗಿತ್ತು. ನಿಜ ಹೇಳಬೇಕೆಂದರೆ, ಆ ಎಳೆ ಹೊರಟಲ್ಲಿಗೇ ಬಂದು ಸೇರುವ ಗಳಿಗೆಯಲ್ಲಿ ಕಾಲಿನ ನೋವೇ ಮರೆತುಹೋಗುತ್ತಿತ್ತು. ನನಗೆ ಅಷ್ಟು ಸಂತೋಷವಾಗುತ್ತಿತ್ತು.

ಒಂದು ದಿನ ಎದುರು ಮನೆಯ ಮಾಮಿ ಬಂದು ಅತ್ತೆಯವರ ಕೈ ಹಿಡಿದುಕೊಂಡರು. ಎಪ್ಪತ್ತೆರಡನೇ ವಯಸ್ಸಿನಲ್ಲಿ, ಈ ಚಳಿಯಲ್ಲಿ, ಕುಕ್ಕರಗಾಲಿನಲ್ಲಿ ಕೂತು ಇಷ್ಟು ದೊಡ್ಡ ಕೋಲಂ ಹಾಕುತ್ತೀರಲ್ಲ ಅಮ್ಮಾ, ನಮ್ಮ ಸೊಸೆಯರು ನಿಮ್ಮನ್ನು ನೋಡಿ ಕಲಿಯಬೇಕು ಎಂದು ಹೊಗಳಿದರು. ಶಾಲು ನೋಡಿ ಮೋಸ ಹೋಗಿದ್ದರು. ಅತ್ತೆಯವರು ನನ್ನ ಕಡೆ ನೋಡಿದರು, ಮಾಮಿಯ ಕಡೆ ನೋಡಿದರು, ಎಲ್ಲಾ ದೇವರ ದಯೆ ಎಂದರು. ಅಂದಿನಿಂದ ಬೀದಿಯ ಹೆಂಗಸರು ಅವರಿಂದ ಆಶೀರ್ವಾದ ಪಡೆಯಲು ಬರತೊಡಗಿದರು. ನಾನು ಐದಕ್ಕೇ ಏಳುವಂತೆ ನೋಡಿಕೊಳ್ಳಬೇಕೆಂದು ಅವರಿಂದ ಅಂಬುಜಾಗೆ ತಾಕೀತಾಯಿತು.

ಸಂಕ್ರಾಂತಿಗೆ ಇನ್ನೆರಡು ದಿನ. ಗೋಣಿಚೀಲ ಪಕ್ಕಕ್ಕೆ ತಳ್ಳಿ ಮೆಲ್ಲನೆ ಕೂತೆ. ಹಿಮ್ಮಡಿ ಇಳಿಯಿತು, ಇನ್ನೂ ಇಳಿಯಿತು, ತಣ್ಣನೆಯ ಒದ್ದೆ ನೆಲಕ್ಕೆ ಪೂರ್ತಿಯಾಗಿ ಊರಿತು. ಬೀಳಲಿಲ್ಲ, ನೋಯಲಿಲ್ಲ. ಕಣ್ಣು ತುಂಬಿ ಬಂತು. ಅಂಬುಜಾ ಎಂದು ನಾನು ಕೂಗಿದ್ದಕ್ಕೆ ಬೀದಿಯ ಅಷ್ಟೂ ದೀಪ ಹೊತ್ತಿಕೊಂಡವು, ಶಾಲು ಜಾರಿ ಬಿತ್ತು. ಜನ ಓಡಿ ಬಂದು ನೋಡಿದರೆ, ಬನಿಯನ್ನಿನಲ್ಲಿ ಮೀಸೆ ಹೊತ್ತ ಜಯಲಕ್ಷ್ಮಮ್ಮ! ಮಾಮಿ ಚಪ್ಪಾಳೆ ತಟ್ಟಿದರು, ಬೀದಿಯೇ ನಕ್ಕಿತು, ನಾನೂ ನಕ್ಕೆ. ಅತ್ತೆಯವರು ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದರು.

“ಹಬ್ಬ ಮುಗಿಯೋವರೆಗಾದ್ರೂ ತಡೀಬಾರದಿತ್ತೇ?”

ಸಿಂಹಾಸನವನ್ನು ಅಲ್ಲೇ ಬಿಟ್ಟು, ಕೋಲಿಲ್ಲದೆ, ಬರಿಗೈಯಲ್ಲಿ ಕಕ್ಕಸಿಗೆ ನಡೆದುಹೋದೆ. ಅಂಥ ಸ್ವಾತಂತ್ರ್ಯವನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ.

ಹಬ್ಬದ ಮರುದಿನ ಸೀತಾ ನನ್ನನ್ನು ನಡೆಸಿ, ಕೂರಿಸಿ, ಎಬ್ಬಿಸಿ, ಚಿಕಿತ್ಸೆ ಮುಗಿಯಿತು ಎಂದಳು. ರಂಗೋಲಿಯ ಕೆಲಸವೂ ಮುಗಿಯಿತೆಂದು ಮನೆಯಲ್ಲಿ ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಬರೆದು ಕೊಡು ಎಂದೆ. ಅವಳು ಬರೆದು ಕೊಟ್ಟಳು, ತಮಿಳಿನಲ್ಲಿ. ನಾನು ತಮಿಳು ನೀರು ಕುಡಿದಂತೆ ಮಾತಾಡುತ್ತೇನೆ, ಓದಲು ಮಾತ್ರ ಬಾರದು. ಆದರೂ ಆ ಬಿಡುಗಡೆಯ ಪತ್ರವನ್ನು ಮನೆಗೆ ತಂದು, ಅಂಬುಜಾ, ಅತ್ತೆ ಇಬ್ಬರನ್ನೂ ಕೂರಿಸಿ, ಗಟ್ಟಿಯಾಗಿ ಕನ್ನಡದಲ್ಲಿ ಹೇಳು ಎಂದು ಶ್ರೀಯಾಗೆ ಕೊಟ್ಟೆ.

ಶ್ರೀಯಾ ಗಂಟಲು ಸರಿಮಾಡಿಕೊಂಡಳು. ಅವಳು ಒಟ್ಟಿಗೆ ಅಷ್ಟು ಕನ್ನಡ ಮಾತಾಡಿದ್ದು ಅದೇ ಮೊದಲು. “ಕೋಲು ಬೇಡ. ದಿನಾ ಬೆಳಿಗ್ಗೆ ರಂಗೋಲಿ ಹಾಕಬೇಕು. ಬಿಟ್ರೆ ಕಾಲು ಮತ್ತೆ ಟೈಟ್ ಆಗತ್ತೆ. ಮನೆಯವರು ಪಾತ್ಕೋ… ಅಂದ್ರೆ, ನೋಡ್ಕೋಬೇಕು.”

“ಎಷ್ಟು ದಿನ ಅಂತ ಬರೆದಿದಾರೆ, ಕಂದಾ?” ಎಂದು ಅಂಬುಜಾ ಕೇಳಿದಳು.

“ಆಯಸ್ಸು ಪೂರ್ತಿ.”

ಅಂಬುಜಾ ದೇವರ ಮನೆಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ಮದುವೆಯಾದ ಮೇಲೆ ಅಷ್ಟು ಭಕ್ತಿಯಿಂದ ಅವಳು ಕೈಮುಗಿದದ್ದನ್ನು ನಾನು ಕಂಡಿಲ್ಲ. ನಮ್ಮ ಯಜಮಾನರಿಗೆ ನೂರು ವರ್ಷ ಆಯಸ್ಸು ಕೊಡಪ್ಪಾ ಎಂದು ಬೇಡಿಕೊಂಡಳು.