ಊರ ಕುತ್ತಿಗೆಗೆಲ್ಲ ಒಂದೇ ಫೋಟೊ

ನಿಜಾಮನ ರಾಜ್ಯದಲ್ಲಿ ಯಾವ ಅಧಿಕಾರಿಯ ಮುಂದೆಯೂ ಗೋಣು ಬಗ್ಗಿಸದ ಗಂಡಸು ಅಂದರೆ ನಾನೊಬ್ಬನೇ. ಶುದ್ಧ ಸುಳ್ಳು. ಪಟೇಲರ ನಾಯಿ ಎದುರು ಬಂದರೂ ಸಲಾಮು ಹೊಡೆದವನು ನಾನು. ಆದರೆ ಕುತ್ತಿಗೆಗೆ ಪೆಟ್ಟು ಬಿದ್ದ ಮೇಲೆ ಬಗ್ಗಿಸಿಲ್ಲ. ಅಷ್ಟು ಮಾತ್ರ ನಿಜ. ಅಂದಿನಿಂದ ಈ ಕುತ್ತಿಗೆಯ ದೆಸೆಯಿಂದ ಒಂದಲ್ಲ ಒಂದು ಪ್ರಸಂಗ ನನಗೆ ಗಂಟು ಬೀಳುತ್ತಲೇ ಇದೆ.

೧. ಮುನೀಮನ ನಡಿಗೆ

ಶಹಾಬಾದಿನ ಖಣಿಯಲ್ಲಿ ಫರಸಿ ಕಲ್ಲು ಹೊರುವುದು ನನ್ನ ಕೆಲಸ. ಕುತ್ತಿಗೆ ಹೇಗೆ ಹೋಯಿತು ಎಂದು ಕೇಳಿದವರಿಗೆಲ್ಲ, ಚಿಂಚೋಳಿ ಅಡವಿಯಲ್ಲಿ ಹುಲಿ ಜೊತೆ ಕುಸ್ತಿ ಹಿಡಿದೆ ಎಂದು ಹೇಳಿದ್ದೇನೆ. ಆದದ್ದು ಇಷ್ಟೆ. ಖಣಿಯ ಲೆಕ್ಕ ಬರೆಯುವ ನಮ್ಮ ಮುನೀಮ ಕುತ್ತಿಗೆ ಓರೆ ಮಾಡಿಕೊಂಡು ನಡೆಯುತ್ತಿದ್ದ. ತಲೆಯ ಮೇಲೆ ಕಲ್ಲಿಟ್ಟುಕೊಂಡೇ ಅವನ ನಕಲು ಮಾಡಿ ಜನರನ್ನು ನಗಿಸುತ್ತಿದ್ದೆ. ಕಾಲು ಜಾರಿ ಖಣಿಯೊಳಗೆ ಬಿದ್ದೆ. ಎದ್ದಾಗ ಕುತ್ತಿಗೆ ಎಡಕ್ಕೆ ವಾಲಿ ನಿಂತುಬಿಟ್ಟಿತ್ತು. ಬಲಗೈ ಜೋಮು ಹಿಡಿದಿತ್ತು.

"ಯಪ್ಪಾ, ಸತ್ತೆನೋ!" ಎಂದು ಕೂಗಿದೆ.

ಜನ ಚಪ್ಪಾಳೆ ತಟ್ಟಿದರು. "ಈಗ ನೋಡು, ಥೇಟ್ ಮುನೀಮ!"

ಅಷ್ಟರಲ್ಲಿ ಮುನೀಮನೇ ಬಂದ. ಅವನ ಕುತ್ತಿಗೆ ಬಲಕ್ಕೆ, ನನ್ನದು ಎಡಕ್ಕೆ, ಎದುರಾಬದುರು ನಿಂತೆವು. "ಬಿದ್ದ ಮ್ಯಾಲೂ ಬಿಡವಲ್ಲಲ್ಲೋ ಮಗನ!" ಎಂದ. ಅವನು ಬೈದದ್ದು ನನ್ನನ್ನೋ ಕನ್ನಡಿಯನ್ನೋ, ಇವತ್ತಿಗೂ ಗೊತ್ತಿಲ್ಲ.

೨. ವಾಡಿಯ ಕ್ಷೌರಿಕ

ವಾಡಿ ಟೇಶನ್ನಿನ ಹೊರಗೆ ಒಬ್ಬ ಕ್ಷೌರಿಕನಿದ್ದ. ಗಡ್ಡ ಕೆರೆದ ಮೇಲೆ ಗಿರಾಕಿಯ ಕುತ್ತಿಗೆ ಹಿಡಿದು ತಿರುವುತ್ತಿದ್ದ. ಎಂಥ ಉಳುಕೂ ಬಿಡುತ್ತದೆ ಎಂಬ ಹೆಸರು. ನಮ್ಮನಿಯಾಕಿ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ನನ್ನ ಮುಂದಿನ ಗಿರಾಕಿ ಒಬ್ಬ ದಪ್ಪ ವ್ಯಾಪಾರಿ. ಕ್ಷೌರಿಕ ಅವನ ಗದ್ದ ಹಿಡಿದು ತಿರುವಿದ. ಒಣ ತೊಗರಿಕಟ್ಟಿಗೆ ಮುರಿದಂತೆ ಲಟಕ್ ಎಂದಿತು.

"ನಿಮ್ಮ ಪಾಳಿ, ಬರ್ರಿ, ಕುಂದ್ರಿ" ಎಂದ.

ನಾನು ಅಲ್ಲಿ ಎಲ್ಲಿದ್ದೆ? ನಿಂತಿದ್ದ ಗಾಡಿಯೊಂದಕ್ಕೆ ಹಾರಿ ಹತ್ತಿದ್ದೆ. ಬೈಯುತ್ತ ಬೆನ್ನ ಹಿಂದೆ ಹೆಂಡತಿಯೂ ಹತ್ತಿದಳು. ಚಿತ್ತಾಪುರ ದಾಟಿತು, ಸೇಡಂ ದಾಟಿತು. ಆ ಗಾಡಿ ಹೈದರಾಬಾದಿನದು. ದೊಡ್ಡ ದವಾಖಾನೆಗೆ ಧೈರ್ಯ ಮಾಡಿ ಹೋದೆ ಎಂದು ಊರಲ್ಲಿ ಹೇಳಿಕೊಂಡದ್ದು ಇದನ್ನೇ.

೩. ಮೀಸೆ ಇಲ್ಲದ ಫೋಟೊ

ದವಾಖಾನೆಯಲ್ಲಿ "ಕುತ್ತಿಗೆಯ ಫೋಟೊ ತೆಗೀಬೇಕು" ಎಂದರು. ಫೋಟೊ ಎಂದ ಕೂಡಲೇ ಹೆಂಡತಿ ನನಗೆ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿದಳು. ಒಳಗೆ ಮೊದಲು ರುಮಾಲು ಬಿಚ್ಚಿಸಿದರು. ಉಸಿರು ಬಿಗಿಹಿಡಿ, ಅಲುಗಬೇಡ ಎಂದರು. ಆಮೇಲೆ ಕರಿ ಹಾಳೆಯೊಂದನ್ನು ಬೆಳಕಿಗೆ ಹಿಡಿದರು.

"ಡಾಕ್ಟರ್ ಸಾಹೇಬ್ರ, ನನ್ನ ಮೀಸಿ ಎಲ್ಲದ?"

"ಮೀಸೆ ಬಿಡು, ಎಲುಬು ನೋಡು. ಕುತ್ತಿಗೆಯ ಒಂದು ಮಣಿ ಸ್ವಲ್ಪ ಮುಂದಕ್ಕೆ ಸರಿದು ನರ ಒತ್ತುತ್ತಿದೆ. ಪ್ಲಾಸ್ಟರ್ ಹಾಕುತ್ತೇನೆ. ಆದರೆ ಇನ್ನೊಮ್ಮೆ ತಲೆಯ ಮೇಲೆ ಭಾರ ಹೊತ್ತರೆ ಈ ಕೈ ಮತ್ತೆ ಬರುವುದಿಲ್ಲ."

ನನ್ನ ನಗೆ ಅಲ್ಲೇ ಉಡುಗಿತು. ಹೆಂಡತಿ ಮಾತ್ರ ಫೋಟೊವನ್ನು ಆಚೆ ಈಚೆ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದಳು.

"ಇದು ಇವರ ಫೋಟೊ ಅಲ್ರಿ ಸಾಹೇಬ್ರ. ಇದರಾಗ ಬಾಯಿ ಮುಚ್ಯದ."

೪. ಗಿರ್ದಾವರರ ಟ್ರಂಕು

ಪ್ಲಾಸ್ಟರ್ ಹಾಕಿಕೊಂಡು, ಆ ಫೋಟೊ ಕಂಕುಳಲ್ಲಿ ಹಿಡಿದು ಊರಿಗೆ ಬಂದೆ. ಬಲಗೈ ಆಗಷ್ಟೇ ರೊಟ್ಟಿ ಮುರಿಯಲು ಕಲಿಯುತ್ತಿತ್ತು. ಅಷ್ಟರಲ್ಲಿ ಹೊಲ, ಕಂದಾಯ ತಪಾಸಣೆ ಮಾಡುವ ಗಿರ್ದಾವರ ಸಾಹೇಬರ ಸವಾರಿ ಬಂತು. ಅವರ ಟ್ರಂಕು, ಬಿಸ್ತರ ಎಲ್ಲ ನಾವೇ ತಲೆಯ ಮೇಲೆ ಹೊತ್ತು ಗುಂಡಗುರ್ತಿಗೆ ಮುಟ್ಟಿಸಬೇಕು. ಬಿಟ್ಟಿ ಚಾಕರಿ, ಇಲ್ಲ ಎಂದರೆ ಛಡಿ ಏಟು.

ಸಾಹೇಬರು ನನ್ನತ್ತ ಬೆರಳು ಮಾಡಿದರು. "ಏಯ್, ಸಲಾಮ್ ಸುದ್ದಾ ಮಾಡವಲ್ಲಿ? ಟ್ರಂಕು ಎತ್ತು!"

ಹೆಂಡತಿ ನನ್ನ ತೋಳು ಹಿಡಿದಳು. ನಾನು ನೆಟ್ಟಗೆ ನಿಂತೆ. ಪ್ಲಾಸ್ಟರಿನೊಳಗೆ ಬೇರೆ ಥರ ನಿಲ್ಲಲಿಕ್ಕೂ ಬರುತ್ತಿರಲಿಲ್ಲ. "ಎತ್ತಂಗಿಲ್ರಿ. ಎತ್ತಿದ್ರ ನನ್ನ ಕೈ ಹೋಗ್ತದ" ಎಂದು ಫೋಟೊ ಕೊಟ್ಟೆ. ಸಾಹೇಬರು ಅದನ್ನು ಸೂರ್ಯನಿಗೆ ಹಿಡಿದು, ತಲೆ ಎತ್ತಿ ಬಹಳ ಹೊತ್ತು ನೋಡಿದರು. ಎಲುಬು ಕಂಡು ಹೆದರಿದರೋ ಏನೋ, ಫೋಟೊ ನನಗೆ ತಿರುಗಿ ಕೊಟ್ಟು, "ಇವನ್ನ ಬಿಡ್ರಿ. ಮುಂದಿನವ!" ಎಂದರು.

ಮುಂದಿನವನ ಕುತ್ತಿಗೆಗೂ ಪ್ಲಾಸ್ಟರಿನಂತೆ ಗಂಜಿ ಹಾಕಿ ಒಣಗಿಸಿದ ರುಮಾಲು. "ನಂದೂ ಗೋಣು ಹೋಗ್ಯದ್ರಿ."

"ಫೋಟೊ?"

ನನ್ನ ಬೆನ್ನ ಹಿಂದಿನಿಂದ ಫೋಟೊ ಆಗಲೇ ಅವನ ಕೈಗೆ ಹೋಗಿತ್ತು. ತೋರಿಸಿದ. ಸಾಹೇಬರು ಮತ್ತೆ ತಲೆ ಎತ್ತಿದರು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕೊನೆಗೆ ಸಾಹೇಬರು ಕೆರಳಿದರು.

"ಹರಾಮಖೋರಗೋಳ! ಎಲ್ಲಾರದೂ ಒಂದೇ ಫೋಟೊ!"

"ಒಳಗ ಎಲ್ಲಾರೂ ಒಂದೇ ಇರ್ತಾರ್ರಿ ಸಾಹೇಬ್ರ" ಎಂದೆ. "ನಿಮ್ದೂ ತೆಗೆಸಿ ನೋಡ್ರಿ, ಹಿಂಗೇ ಬರ್ತದ."

ಹೊಡೆಯಲು ಛಡಿ ಎತ್ತಿದರು. ಛಡಿ ಎದ್ದಿತು, ಮುಖ ಮಾತ್ರ ಕೆಳಗೆ ಇಳಿಯಲಿಲ್ಲ. ಅಷ್ಟು ಹೊತ್ತು ಆಕಾಶ ನೋಡಿ ನೋಡಿ ಕುತ್ತಿಗೆ ಹಾಗೇ ಹಿಡಿದುಕೊಂಡಿತ್ತು! ಯಾರನ್ನು ಹೊಡೆಯಬೇಕೆಂದು ಕಾಣಲಿಲ್ಲ. ಟ್ರಂಕಿನ ಜೊತೆ ಸಾಹೇಬರನ್ನೂ ಎತ್ತಿನ ಬಂಡಿಯಲ್ಲಿ ಕೂಡಿಸಿ ಕಳಿಸಿದೆವು. ಹಕ್ಕಿ ನೋಡುತ್ತ ಹೋದರು.

ಮುಂದಿನ ವಾರ ಅವರ ಜವಾನ ಓಡುತ್ತ ಬಂದ. "ಮಾಮಾ, ಸಾಹೇಬ್ರ ಗೋಣು ಇನ್ನಾ ಬಗ್ಗವಲ್ದು. ಸಲಾಮ್ ಮಾಡ್ಲಿಲ್ಲಂತ ತಹಸೀಲ್ದಾರ ಸಾಹೇಬ್ರು ಭಾಳ ಸಿಟ್ಟಾಗ್ಯಾರ. ಪುರಾವಾ ಕೇಳ್ಯಾರ. ನಿಮ್ಮ ಫೋಟೊ ಕೊಡ್ತೀರೇನ್ರಿ?"

"ಕೊಡ್ತೀನಿ. ಆದ್ರ ಇನ್ನ ಮ್ಯಾಲ ನಮ್ಮೂರಾಗ ಅವರ ಟ್ರಂಕು ಯಾರೂ ತಲಿ ಮ್ಯಾಲ ಹೊರಂಗಿಲ್ಲ. ಒಪ್ತಾರೇನಂತ ಕೇಳಿ ಬಾ."

ಒಪ್ಪಿದರು. ಫೋಟೊ ಹೋಯಿತು, ತಿರುಗಿ ಬರಲಿಲ್ಲ. ಈಗದು ಆಡಕಿ ಊರಿನ ಕಡೆ ಇನ್ನೊಬ್ಬ ಸಾಹೇಬರ ಕುತ್ತಿಗೆಯಾಗಿ ಕೆಲಸ ಮಾಡುತ್ತಿದೆಯಂತೆ.

ಸುಳ್ಳೆನಿಸಿದರೆ ಈ ಬಲಗೈ ನೋಡ್ರಿ, ಚಹಾದ ಕಪ್ಪು ಹೆಂಗ ಹಿಡಿದದ! ಗೋಣು ಮಾತ್ರ ಇನ್ನೂ ಕೆಳಗ ಬಗ್ಗಂಗಿಲ್ಲ, ಜೇಬು ಎಲ್ಲದ ಅಂತ ನನಗ ಕಾಣಂಗಿಲ್ಲ. ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.